ಚೋರ್‌ಬಾಗಾನಿನ ಅಮೃತಶಿಲೆಯ ಸೌಧ

ಉತ್ತರ ಕಲ್ಕತ್ತೆಯಲ್ಲಿ, ಠಾಕೂರರ ಜೋಡಾಸಾಂಕೋ ಮನೆಗೆ ಅನತಿದೂರದಲ್ಲಿ, ಕೈಗಾಡಿಗಳ ಮತ್ತು ತಲೆಹೊರೆಯ ಕೂಲಿಗಳ ನೂಕುನುಗ್ಗಲನ್ನು ಭೇದಿಸಿಕೊಂಡು ಮುಕ್ತಾರಾಮ ಬಾಬು ಬೀದಿಯನ್ನು ಹೊಕ್ಕವರಿಗೆ, ಆ ಇಕ್ಕಟ್ಟಿನ ನಡುವೆಯೇ ವಿಶಾಲವಾದ ಹುಲ್ಲುಹಾಸೊಂದೂ ಅದರಾಚೆ ಮೂರಂತಸ್ತಿನ ಭವ್ಯ ಸೌಧವೊಂದೂ ಗೋಚರವಾಗುವುವು. ಮಾರ್ಬಲ್ ಪ್ಯಾಲೇಸ್ ಎಂದು ಪ್ರಖ್ಯಾತವಾದ ಇದು ಅರಸರ ನಿವಾಸವಲ್ಲ, ವರ್ತಕರ ಮನೆ. ಇದನ್ನು ಕಟ್ಟಿಸಿದ ರಾಜೇಂದ್ರ ಮಲ್ಲಿಕರಿಗೆ ‘ರಾಜಾ ಬಹಾದ್ದೂರ್’ ಬಿರುದು ದೊರೆತದ್ದಾದರೂ ಬಹುಕಾಲದ ಅನಂತರ, 1878ರಲ್ಲಿ.

ಮಲ್ಲಿಕರು ಸುವರ್ಣವಣಿಕರು. ಐಶ್ವರ್ಯದಲ್ಲಿ ಅಗ್ರಗಣ್ಯರಾಗಿದ್ದರೂ, ಕುಲೀನ ಬ್ರಾಹ್ಮಣರು ಆ ಜಾತಿಯವರ ಕೈಯ ನೀರನ್ನು ಮುಟ್ಟದಿದ್ದ ಕಾಲವದು. ಈ ವಂಶದ ನೀಲಮಣಿ ಮಲ್ಲಿಕರು ಚೋರ್‌ಬಾಗಾನಿನಲ್ಲಿ ಜಗನ್ನಾಥನಿಗೊಂದು ಗುಡಿಯನ್ನು ಕಟ್ಟಿಸಿದ್ದರು. 1819ರಲ್ಲಿ ಜನಿಸಿದ ದತ್ತುಪುತ್ರ ರಾಜೇಂದ್ರರು ಇನ್ನೂ ಶಿಶುವಾಗಿದ್ದಾಗಲೇ ಅವರು ಕಾಲವಶರಾದುದರಿಂದ, ಬಾಲಕನಿಗೆ ಸರ್ ಜೇಮ್ಸ್ ವೇರ್ ಹಾಗ್ ಎಂಬ ದೊರೆಯನ್ನು ನ್ಯಾಯಾಲಯವೇ ಪೋಷಕನನ್ನಾಗಿ ನೇಮಿಸಿತು. 1835ರಲ್ಲಿ ಗುಡಿಯ ಪಕ್ಕದಲ್ಲೇ ಸೌಧದ ಕೆಲಸ ಮೊದಲಾದಾಗ ರಾಜೇಂದ್ರರಿಗೆ ಹದಿನಾರರ ಹರೆಯ. ಮನೆಯ ತುಂಬ ಕಾಣಬರುವ ಅತ್ಯುತ್ಸಾಹಕ್ಕೆ ಅದೂ ಒಂದು ಕಾರಣವಿದ್ದೀತು.

ಮುಂಭಾಗದಲ್ಲಿ ಮೈತುಂಬ ಗೀರುಗಳನ್ನು ತಳೆದು ಆಳೆತ್ತರವನ್ನು ಎಷ್ಟೋ ಮೀರಿ ನಿಂತ ಕೊರಿಂಥಿಯನ್ ಸ್ತಂಭಗಳು. ಅವುಗಳ ನೆತ್ತಿಯಲ್ಲಿ ಎಲೆಗೊಂಚಲಿನ ಬೋದಿಗೆಗಳು. ಜಗಲಿಗಳಿಗೆ ಮಾತ್ರ ಜಾಲಂದರದ ಕೆತ್ತನೆ ಮತ್ತು ಚೀನೀ ಮಂಟಪಗಳನ್ನು ನೆನಪಿಸುವ ಇಳಿಜಾರು ಮಾಡು. ಹೊರಗಿನಿಂದ ನೋಡಿದವರು ಇದನ್ನು ಯೂರೋಪಿನ ಅನುಕರಣವೆಂದು ಬಗೆದು ಸುಮ್ಮನಾದರೆ ಅರ್ಧ ಮನೆಯನ್ನಷ್ಟೇ ನೋಡಿದಂತಾಗುವುದು. ಏಕೆಂದರೆ ಒಳಹೊಕ್ಕೊಡನೆ ಎದುರಾಗುವುದು ನಮ್ಮ ತೊಟ್ಟಿಮನೆಯಂತೆಯೇ ಆಕಾಶಕ್ಕೆ ತೆರೆದ ಅಂಗಳ, ಅದಕ್ಕೆ ಹೊಂದಿಕೊಂಡು ದೇವರ ಪೂಜೆಗೆಂದೇ ಕಟ್ಟಿದ ಠಾಕುರ್‌ದಾಲಾನ್, ಸುತ್ತಲೂ ಕೋಣೆಗಳು. ಅಂದರೆ, ಮುಖ ಪರದೇಶದ್ದಾದರೂ ಬಾಳುವೆಯ ಕ್ರಮ ಬಂಗಾಳಿಯದೇ. ನೆಲಕ್ಕೂ ಗೋಡೆಗೂ ಹೇರಳವಾಗಿ ಬಳಸಿದ ಬಣ್ಣಬಣ್ಣದ ಅಮೃತಶಿಲೆಯಿಂದಲೇ ಸೌಧಕ್ಕೆ ಈಗಿನ ಹೆಸರು ಬಂದಿತು.

ಸಂಗ್ರಹದ ವಿಷಯದಲ್ಲಿ ನನ್ನ ಮೆಚ್ಚುಗೆ ಸ್ವಲ್ಪ ಹಿಡಿತದ್ದು. ರೂಬೆನ್ಸನದೆಂದೂ ರೆನಾಲ್ಡ್ಸನದೆಂದೂ ಹೇಳಲಾಗುವ ಚಿತ್ರಗಳು, ಕಾಷ್ಠದಲ್ಲಿ ಕಡೆದ ವಿಕ್ಟೋರಿಯಾ ರಾಣಿಯ ಬೃಹತ್ ಪ್ರತಿಮೆ, ಗಡಿಯಾರಗಳು, ತೂಗುದೀಪಗಳು, ನೆಲದಿಂದ ಮೇಲಕ್ಕೇರಿದ ನಿಲುಗನ್ನಡಿಗಳು, ಹೀಗೆ ಉತ್ತಮವಾದದ್ದೂ ಸಾಧಾರಣವಾದದ್ದೂ ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಉದ್ಯಾನದಲ್ಲಂತೂ ಬುದ್ಧನಿಗೂ ಕೊಲಂಬಸನಿಗೂ ನೆರೆಹೊರೆಯ ಬಾಂಧವ್ಯ! ಕೊಳ್ಳಬಲ್ಲವನ ಕೈ ಇಲ್ಲಿ ಆಯಬಲ್ಲವನ ಕಣ್ಣಿಗಿಂತ ಮುಂದೆ ಓಡಿದೆ. ಮನೆತನದವರ ವಾಸವಿನ್ನೂ ಇಲ್ಲಿಯೇ ಇರುವುದರಿಂದ, ನೋಡಬಯಸುವವರು ಪ್ರವಾಸೋದ್ಯಮ ಇಲಾಖೆಯಿಂದ ಅನುಮತಿಪತ್ರ ತರಬೇಕು. ಶುಲ್ಕವಿಲ್ಲ, ಛಾಯಾಚಿತ್ರಕ್ಕೆ ಅವಕಾಶವೂ ಇಲ್ಲ.

ಆದರೆ ಮಲ್ಲಿಕರ ಕೀರ್ತಿ ನಿಂತಿರುವುದು ಈ ಶಿಲೆಗಳ ಮೇಲಲ್ಲ, ಅನ್ನದ ಮೇಲೆ. 1866ರ ಕ್ಷಾಮದಲ್ಲಿ ಒರಿಸ್ಸಾ ಪ್ರಾಂತದ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಪಾಲು ಅಳಿದುಹೋಯಿತು. ಮಳೆ ಕೈಕೊಟ್ಟಿತ್ತು, ಹೊರಗಿನಿಂದ ಅಕ್ಕಿ ತರಿಸುವಲ್ಲಿ ಸರ್ಕಾರ ತಡಮಾಡಿತ್ತು, ತರಿಸಹೊರಟಾಗ ಮಳೆಗಾಲದ ಕಡಲು ದಾರಿಗೊಡದಾಯಿತು. ಬದುಕುಳಿದವರು ತಂಡತಂಡವಾಗಿ ಕಲ್ಕತ್ತೆಗೆ ನಡೆದುಬಂದಾಗ, ರಾಜೇಂದ್ರರು ಅನ್ನಸತ್ರವನ್ನು ತೆರೆದು ಬಂದವರಿಗೆಲ್ಲ ಊಟವಿಕ್ಕಿದರು. ಮರುವರ್ಷ ಅವರಿಗೆ ದೊರೆತ ‘ರಾಯ್ ಬಹಾದ್ದೂರ್’ ಪದವಿ ಆ ಸೇವೆಗೇ ಸಂದದ್ದು. ನೀರು ಮುಟ್ಟಿಸಿಕೊಳ್ಳದ ಸಮಾಜದ ನಡುವೆ ಅನ್ನವನ್ನು ಇಷ್ಟು ಧಾರಾಳವಾಗಿ ಬಡಿಸಿದ ಈ ವಣಿಕನ ಮನಸ್ಸಿನಲ್ಲಿ ಏನೇನಿತ್ತೋ, ಊಹಿಸುವುದು ನಮಗೆ ಬಿಟ್ಟದ್ದು. ಕ್ಷಾಮ ಕಳೆದರೂ ಪರಿಪಾಠ ಕಳೆಯಲಿಲ್ಲ. ದೀನರಿಗೆ ನಿತ್ಯವೂ ಊಟವಿಕ್ಕುವ ಆ ಪದ್ಧತಿಯನ್ನು ಮನೆತನದವರು ಮುಂದುವರಿಸಿಕೊಂಡು ಬಂದಿದ್ದಾರೆ.

ಪಶುಪಕ್ಷಿಗಳೂ ರಾಜೇಂದ್ರರ ಅಕ್ಕರೆಗೆ ಹೊರತಾಗಿರಲಿಲ್ಲ. ಮನೆಯ ಆವರಣದಲ್ಲೇ ಅವರು ಬೆಳೆಸಿದ ಮೃಗಾಲಯ ಭಾರತದ ಮೊದಮೊದಲಿನವುಗಳಲ್ಲೊಂದು. 1876ರಲ್ಲಿ ಆಲಿಪುರದ ಮೃಗಾಲಯ ಆರಂಭವಾದಾಗ ತಮ್ಮ ಸಂಗ್ರಹದಿಂದ ಪ್ರಾಣಿಗಳನ್ನು ಅದಕ್ಕೆ ಕೊಟ್ಟರು. ಅಲ್ಲಿಯ ಕಟ್ಟಡವೊಂದು ಮಲ್ಲಿಕರ ಹೆಸರನ್ನು ಹೊತ್ತಿದೆ. ಅವರು 1887ರಲ್ಲಿ ತೀರಿಕೊಂಡರು.