ಅಳಿವೆಯ ಮರಳು ಮತ್ತು ಮಂಗಳೂರಿನ ಹಳೇ ಬಂದರು

ಗುರುಪುರ ನದಿಗೆ ಕಡಲು ಇನ್ನೇನು ಸಿಕ್ಕೇಬಿಟ್ಟಿತು ಎನ್ನುವಲ್ಲಿ ಅದು ದಕ್ಷಿಣಕ್ಕೆ ತಿರುಗುತ್ತದೆ. ತಣ್ಣೀರುಬಾವಿ, ಬೆಂಗ್ರೆಗಳ ಮರಳುದಿಬ್ಬದ ಮರೆಯಲ್ಲಿ ಸಮುದ್ರಕ್ಕೆ ಸಮಾನಾಂತರವಾಗಿ ಹರಿದು, ನೇತ್ರಾವತಿಯನ್ನು ಕೂಡಿಕೊಂಡು, ಅಳಿವೆ ಬಾಗಿಲಲ್ಲಿ ಕಡಲು ಸೇರುತ್ತದೆ. ಮಂಗಳೂರಿನ ಹಳೇ ಬಂದರು ಇರುವುದು ಈ ಮರೆಯಲ್ಲಿ. ಅದರ ಚರಿತ್ರೆಯನ್ನು ಪೋರ್ಚುಗೀಸರು, ಕೆಳದಿ ಅರಸರು, ಹೈದರ್, ಟಿಪ್ಪು, ಇಂಗ್ಲಿಷರು ಎಂದು ಒಡೆಯರ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಆದರೆ ಇದನ್ನು ಬಂದರಾಗಿಸಿದ್ದೂ, ತೀರಾ ದೊಡ್ಡದಾಗದಂತೆ ತಡೆದದ್ದೂ ಅಳಿವೆಯ ಮರಳೇ ಎಂಬುದು ನನ್ನ ವಾದ.

ದಿಬ್ಬ ಅಲೆಗಳನ್ನು ತಡೆದದ್ದರಿಂದ ಒಳಗೆ ನೀರು ಶಾಂತ. 12ನೇ ಶತಮಾನದಲ್ಲಿ ಉತ್ತರ ಆಫ್ರಿಕಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ಹಲವು ವರ್ಷ ನೆಲೆಸಿದ್ದ. ಏಡನ್‌ನಿಂದ ಒಡೆದ ತಾಮ್ರ, ಹಿತ್ತಾಳೆ ಪಾತ್ರೆಗಳು ಅವನಿಗೆ ಬರುತ್ತಿದ್ದವು. ಅವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಿಸಿ ವಾಪಸು ಕಳಿಸುತ್ತಿದ್ದ. ಕೈರೋದಲ್ಲಿ ಸಿಕ್ಕ ಪತ್ರಗಳಲ್ಲಿ ಈ ವ್ಯವಹಾರವೆಲ್ಲ ಇದೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಈ ಕರಾವಳಿಯ ಅತಿ ದೊಡ್ಡ ಅಳಿವೆ ಇದೇ ಎಂದ. ಪರ್ಷಿಯಾ, ಯೆಮೆನ್‌ಗಳ ವರ್ತಕರು ಇಲ್ಲಿ ಇಳಿಯುತ್ತಾರೆ ಎಂದೂ ಬರೆದ. ಬೊಳೂರಿನ ಸುಲ್ತಾನ್ ಬತ್ತೇರಿ ಎಂಬ ಬುರುಜು ಕಾವಲು ನಿಂತಿರುವುದೂ ಕಡಲಿಗಲ್ಲ, ಈ ನದಿದಾರಿಗೆ. ಹಡಗುಗಳು ದೊಡ್ಡದಾಗುತ್ತ ಬಂದಂತೆ ಅದೇ ಮರಳು ಅಡ್ಡವಾಯಿತು. ಉಗಿಹಡಗುಗಳು ಹೊರಗೆ ಲಂಗರು ಹಾಕಿದವು. ಕಾಫಿ, ಮೆಣಸು, ಹೆಂಚುಗಳನ್ನು ದೋಣಿ, ಮಂಜಿಗಳು ಅಲ್ಲಿಗೆ ಮುಟ್ಟಿಸಿದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ನೇತ್ರಾವತಿಯ ದಡಕ್ಕೇ ಹೆಂಚಿನ ಕಾರ್ಖಾನೆ ಹಾಕಿದ್ದು ಸುಮ್ಮನೆ ಅಲ್ಲ: ಆವೆಮಣ್ಣು ಬರಲಿಕ್ಕೂ ಸುಟ್ಟ ಹೆಂಚು ಹೋಗಲಿಕ್ಕೂ ನೀರೇ ಅಗ್ಗದ ರಸ್ತೆ. ಒಂದೇ ಸರಕನ್ನು ಎರಡೆರಡು ಸಲ ಏರಿಸಿ ಇಳಿಸುವ ಈ ಕೆಲಸದಿಂದಲೇ ಬಂದರು ಪ್ರದೇಶದ ಗೋದಾಮುಗಳೂ ಹಮಾಲರ ದುಡಿಮೆಯೂ ಬೆಳೆದವು.

1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ಹಳೆಯದರ ಕತೆ ಮುಗಿಯಿತು ಎನ್ನುವವರಿದ್ದಾರೆ. ದೊಡ್ಡ ಹಡಗುಗಳ ಮಟ್ಟಿಗೆ ಅದು ನಿಜ. ನೆಲ ತೋಡಿ ಮಾಡಿದ ಆ ಬಂದರಿಗೆ ನದಿಯ ಹಂಗಿಲ್ಲ. ಆದರೆ ಲಕ್ಷದ್ವೀಪಕ್ಕೆ ಕಲ್ಲು, ಸಿಮೆಂಟು, ತರಕಾರಿ ಇಂದಿಗೂ ಹೋಗುವುದು ಹಳೇ ಬಂದರಿನಿಂದ. ನೂರಾರು ಮೀನುಗಾರಿಕಾ ಬೋಟುಗಳು ದಕ್ಕೆಯಿಂದ ಹೊರಟು ಅದೇ ಬಾಗಿಲು ದಾಟುತ್ತವೆ. ಬೆಂಗ್ರೆಯವರಿಗೆ ಪೇಟೆಗೆ ಹತ್ತಿರದ ದಾರಿಯೂ ಫೆರಿಯೇ. ಹಡಗಿನ ಗಾತ್ರವೊಂದನ್ನೇ ನೋಡಿ ಬಂದರು ಸತ್ತಿತು ಎಂದರೆ ಇಷ್ಟೂ ಜನ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ವರ್ಷವರ್ಷವೂ ಹೂಳೆತ್ತುವುದು ನೀರಿನಲ್ಲಿ ಹೋಮ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಳಿವೆಯ ಎರಡೂ ಬದಿ ತಡೆಗೋಡೆ ಕಟ್ಟಿದರೂ ಮರಳು ನಿಂತಿಲ್ಲ. ನದಿ ತರುವುದನ್ನೂ ಅಲೆ ನೂಕುವುದನ್ನೂ ಕಲ್ಲುಗೋಡೆ ಪೂರ್ತಿ ತಡೆಯಲಾರದು. ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟು ಊರಿನ ಕುಡಿಯುವ ನೀರಿಗಾಗಿ ನೇತ್ರಾವತಿಯನ್ನು ಹಿಡಿದಿಡುವಾಗ ಮರಳನ್ನು ಹೊರದೂಡುವ ಸೆಳೆತವೂ ಇರುವುದಿಲ್ಲ. ಅಂದರೆ ಹೂಳೆತ್ತುವ ಖರ್ಚು ಈ ಬಂದರಿನ ಬಾಡಿಗೆ ಇದ್ದ ಹಾಗೆ, ತಪ್ಪಿಸಿಕೊಳ್ಳುವಂತಿಲ್ಲ. ನದಿ ದಂಡೆಗೆ ಈಗ ನಡಿಗೆಪಥದ ಯೋಜನೆಗಳು ಬಂದಿವೆ. ಬರಲಿ, ಗಾಳಿ ಸೇವನೆಗೆ ಯಾರ ತಕರಾರೂ ಇಲ್ಲ. ಆದರೆ ಮಳೆಗಾಲದ ಬಿಡುವು ಮುಗಿದು ಬೋಟುಗಳು ಹೊರಡುವ ಮೊದಲು ಅಳಿವೆ ಬಾಗಿಲಿನ ಆಳಕ್ಕೆ ಹಣ ತೆಗೆದಿಡಿ. ದಂಡೆಯ ಅಲಂಕಾರ ಆಮೇಲೆ ನೋಡಿಕೊಂಡರಾಯಿತು.