ನಾಣ್ಯದ ಮೇಲೆ ಒಬ್ಬ ರಾಜ, ಹೊಡೆಸಿದವ ಇನ್ನೊಬ್ಬ!

ರೋಮ್‌ನ ಹಳೇ ಬೆಳ್ಳಿ ನಾಣ್ಯ. ಮೇಲೆ ಆಗಸ್ಟಸ್ ಚಕ್ರವರ್ತಿಯ ಮುಖ, ಹೆಸರೂ ಅವನದೇ. ಹಾಗಾದ್ರೆ ಅದು ಅವನ ಕಾಲದ್ದೇ ಅಂತ ಲೆಕ್ಕ ಹಾಕಿದ್ರೆ ತಪ್ಪಾಗಬಹುದು. ಆಗಸ್ಟಸ್ ತೀರಿಕೊಂಡಿದ್ದು ಕ್ರಿ.ಶ. 14ರಲ್ಲಿ. ಇಂಥ ಕೆಲವು ನಾಣ್ಯ ಅಚ್ಚಾಗಿದ್ದು 250ರ ಆಸುಪಾಸಿನಲ್ಲಿ!

ಗುರುತು ಹಿಡಿಯೋದು ಹೇಗೆ? ಹೆಸರಿನ ಮುಂದೆ ‘ದಿವೋ’ ಅಂತಿರುತ್ತೆ, ಅಂದರೆ ದೇವರಾದವನಿಗೆ. ಹಿಂಬದಿಯಲ್ಲಿ ಹದ್ದು ಇಲ್ಲವೇ ಬಲಿಪೀಠ. ತಲೆ ಮೇಲೆ ಸೂರ್ಯಕಿರಣದಂಥ ಕಿರೀಟ. ಅದು ಡಬಲ್ ಬೆಲೆಯ ಗುರುತು. ಆ ಡಬಲ್ ಬೆಳ್ಳಿ ನಾಣ್ಯ ಶುರುವಾಗಿದ್ದೇ 215ರಲ್ಲಿ. ಅಲ್ಲಿಗೆ ಗುಟ್ಟು ರಟ್ಟು.

ಇವನ್ನು ಹೊಡೆಸಿದವನು ಟ್ರಾಜನ್ ಡೀಸಿಯಸ್ ಅನ್ನೋದು ತಜ್ಞರ ಸಾಮಾನ್ಯ ಅಭಿಪ್ರಾಯ. ಸೈನ್ಯದ ಬಲದಿಂದ 249ರಲ್ಲಿ ಪಟ್ಟಕ್ಕೆ ಬಂದವನು. ಗಡಿಯಲ್ಲಿ ಗೋಥರ ಕಾಟ, ನಾಣ್ಯದಲ್ಲಿ ಬೆಳ್ಳಿ ಮೊದಲಿನಷ್ಟಿಲ್ಲ. ಜನ ನಂಬಬೇಕಲ್ಲ? ಹಳಬರ ಹೆಸರು ಕೆಲಸಕ್ಕೆ ಬಂತು.

ಒಟ್ಟು 11 ಚಕ್ರವರ್ತಿಗಳು: ಆಗಸ್ಟಸ್, ವೆಸ್ಪೇಸಿಯನ್, ಟೈಟಸ್, ನರ್ವಾ, ಟ್ರಾಜನ್, ಹೇಡ್ರಿಯನ್, ಆಂಟೋನಿನಸ್ ಪಯಸ್, ಮಾರ್ಕಸ್ ಆರೇಲಿಯಸ್, ಕಾಮೋಡಸ್, ಸೆವೆರಸ್, ಅಲೆಕ್ಸಾಂಡರ್ ಸೆವೆರಸ್. ನೀರೋ ಇಲ್ಲ, ಅದು ಸರಿಯೇ. ವಿಚಿತ್ರ ಅಂದ್ರೆ, ದೇವರ ಪಟ್ಟ ಸಿಕ್ಕಿದ್ದ ಕ್ಲಾಡಿಯಸ್‌ಗೂ ಜಾಗ ಇಲ್ಲ. ಕೊಲೆಯಾದ ಮೇಲೆ ಸೆನೆಟ್‌ನಿಂದಲೇ ಛೀಮಾರಿ ಹಾಕಿಸಿಕೊಂಡಿದ್ದ ಕಾಮೋಡಸ್ ಮಾತ್ರ ಇದ್ದಾನೆ. ಅವನನ್ನು ಆಮೇಲೆ ದೇವರು ಮಾಡಿದ್ದು ಸೆವೆರಸ್.

ಡೀಸಿಯಸ್ 251ರಲ್ಲಿ ಗೋಥರ ಜೊತೆಗಿನ ಯುದ್ಧದಲ್ಲೇ ಸತ್ತ.