ಮಗುವಿನ ತರಕಾರಿ ಪ್ಯೂರಿ: ನೀರಾಗಬಾರದು, ನುಣ್ಣಗೇ ಉಳಿಯಬಾರದು

(ಆಡಿಯೊ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರುವಾಗುತ್ತೆ. ಚಾಮರಾಜನಗರ ತಾಲೂಕಿನ ಬದನಗುಪ್ಪೆಯಿಂದ ತಾಯಿಯೊಬ್ಬರು ಕೇಳಿದ್ದಾರೆ: "ಮಗೂಗೆ ಆರು ತಿಂಗಳು ತುಂಬ್ತು. ಮನೇಲಿ ಕುಕ್ಕರ್ ಇದೆ, ಮಿಕ್ಸಿ ಇದೆ. ಕ್ಯಾರೆಟ್ಟು, ಸಿಹಿಕುಂಬಳ ಬೇಯಿಸಿ ರುಬ್ಬಿ ಕೊಡ್ತಿದ್ದೀನಿ. ಅಂಗಡೀಲಿ ಬಾಟ್ಲಿಯಲ್ಲಿ ಸಿಗೋ ಪ್ಯೂರಿ ಥರಾನೇ ಬರುತ್ತೆ. ಇಷ್ಟು ಸಾಕಾ?"

ಒಂದೇ ಮಾತಲ್ಲಿ ಹೇಳೋದಾದ್ರೆ, ಶುರು ಚೆನ್ನಾಗಿದೆ, ಆದ್ರೆ ಇಷ್ಟೇ ಆದ್ರೆ ಸಾಲದು. ಯಾಕೆ ಸಾಲದು, ಮನೆಯ ಅದೇ ಕುಕ್ಕರ್, ಅದೇ ಮಿಕ್ಸಿಯಲ್ಲಿ ಅದನ್ನ ಸಾಕಾಗುವ ಹಾಗೆ ಮಾಡೋದು ಹೇಗೆ ಅನ್ನೋದನ್ನ ಇವತ್ತು ವಿವರವಾಗಿ ನೋಡೋಣ.

ಬದನಗುಪ್ಪೆ ಗೊತ್ತಿಲ್ಲದವರಿಗೆ ಹೇಳ್ತೀನಿ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗೋ ರೈಲು ದಾರಿಯಲ್ಲಿ ಸಿಗೋ ಊರು. ಈಗ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಅಂತ ಹೆಸರು ಕೇಳಿರ್ತೀರಿ. ತರಕಾರಿಗೆ ಈ ಜಿಲ್ಲೆಯಲ್ಲಿ ಬರ ಇಲ್ಲ. ಗುಂಡ್ಲುಪೇಟೆ ತಾಲೂಕಿನ ತೆರಕಣಾಂಬಿ ಮಾರುಕಟ್ಟೆಯಿಂದ ಕೇರಳಕ್ಕೆ, ತಮಿಳುನಾಡಿಗೆ ಲಾರಿಗಟ್ಟಲೆ ತರಕಾರಿ ಹೋಗುತ್ತೆ. ಅಂದ್ರೆ ಪ್ಯೂರಿಗೆ ಬೇಕಾದ್ದೆಲ್ಲ ಮನೆ ಹತ್ತಿರವೇ ಸಿಗುತ್ತೆ. ತೊಂದರೆ ತರಕಾರಿಯದ್ದಲ್ಲ, ಲೆಕ್ಕದ್ದು.

ಲೆಕ್ಕ ಏನು ಅಂತ ನೋಡಿ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಮೇಲೂಟದಿಂದ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300, ವರ್ಷ ತುಂಬಿದ ಮೇಲೆ 550. ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ತೂಕದ ಒಂದು ಕಿಲೋಗೆ ಸುಮಾರು 30 ಗ್ರಾಂ ಹಿಡಿಯುತ್ತೆ. ಏಳು ಕಿಲೋ ಮಗುವಿನ ಹೊಟ್ಟೆ ಒಂದು ಕಾಫಿ ಲೋಟದಷ್ಟು, 200 ಗ್ರಾಂ ಆಸುಪಾಸು. ಈಗ 100 ಗ್ರಾಂ ಬೆಂದ ಕ್ಯಾರೆಟ್‌ನಲ್ಲಿ ಇರೋದು ಸುಮಾರು 35 ಕ್ಯಾಲೊರಿ. ದಿನಕ್ಕೆ ಮೂರು ಸಲ, ಪ್ರತಿ ಸಲ 100 ಗ್ರಾಂ ತಿನ್ನಿಸಿದ್ರೂ 105. ಬೇಕಾದ್ದರಲ್ಲಿ ಅರ್ಧ. ರುಬ್ಬೋವಾಗ ಅಷ್ಟೇ ನೀರು ಸೇರಿಸಿದ್ರೆ ಅದರಲ್ಲೂ ಅರ್ಧ. ಸೋರೆಕಾಯಿ ಆದ್ರಂತೂ ಇನ್ನೂ ಕಮ್ಮಿ. ಮಗುವಿನ ಹೊಟ್ಟೆ ತುಂಬಿರುತ್ತೆ, ಅಳೋದಿಲ್ಲ, ಆದ್ರೆ ತೂಕ ಏರೋದಿಲ್ಲ.

ಎರಡನೇ ಲೆಕ್ಕ ಕಬ್ಬಿಣಾಂಶದ್ದು. ಹುಟ್ಟುವಾಗ ತಾಯಿಯಿಂದ ಬಂದ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಕರಗುತ್ತಾ ಬರುತ್ತೆ. ಎದೆಹಾಲಲ್ಲಿ ಅದು ಬಹಳ ಕಮ್ಮಿ. ಆ ಹೊತ್ತಿಗೆ ನಾವು ಬರೀ ಕ್ಯಾರೆಟ್ಟು, ಕುಂಬಳ ಕೊಟ್ರೆ ಮೆದುಳು ವೇಗವಾಗಿ ಬೆಳೆಯೋ ಕಾಲದಲ್ಲೇ ಕೊರತೆ ಬೀಳುತ್ತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಮೂರರಲ್ಲಿ ಎರಡು ಮಕ್ಕಳು ಅಂದ್ಕೊಳ್ಳಿ. ಇದು ಬಡವರ ಮನೆಯ ಮಾತು ಮಾತ್ರ ಅಲ್ಲ.

ಹಾಗಾದ್ರೆ ತರಕಾರಿ ಬೇಡ್ವಾ? ಬೇಕೇ ಬೇಕು. ವಿಟಮಿನ್ ಎ, ವಿಟಮಿನ್ ಸಿ ಅದರಿಂದ್ಲೇ ಬರಬೇಕು. ತರಕಾರಿ ರುಚಿ ಈಗ್ಲೇ ನಾಲಿಗೆಗೆ ಹತ್ತಬೇಕು. ಆದ್ರೆ ಅದನ್ನ ಒಂಟಿಯಾಗಿ ಬಿಡಬೇಡಿ. ಮೊದಲ ಮೂರು ನಾಲ್ಕು ದಿನ ಒಂದೊಂದೇ ತರಕಾರಿ ಎರಡು ಮೂರು ಚಮಚ ರುಚಿ ತೋರ್ಸಿ. ಆಮೇಲೆ ಬೇಳೆ, ಧಾನ್ಯ, ತುಪ್ಪದ ಜೊತೆ ಸೇರ್ಸಿ.

ಒಂದು ಅಳತೆ ಹೇಳ್ತೀನಿ, ಬರ್ಕೊಳ್ಳಿ. ಅಕ್ಕಿ ದೊಡ್ಡ ಚಮಚದಲ್ಲಿ ಒಂದೂವರೆ, ಅಂದ್ರೆ 20 ಗ್ರಾಂ. ಹೆಸರುಬೇಳೆ ಒಂದು ಚಮಚ, 15 ಗ್ರಾಂ. ಸಿಪ್ಪೆ ತೆಗೆದ ಸಿಹಿಕುಂಬಳ ಒಂದು ಹಿಡಿ, 50 ಗ್ರಾಂ. ನೀರು ಒಂದು ಲೋಟ. ಎಲ್ಲಾನೂ ಒಂದು ಸಣ್ಣ ಪಾತ್ರೆಗೆ ಹಾಕಿ, ಕುಕ್ಕರೊಳಗೆ ಇಟ್ಟು, ನಾಲ್ಕೈದು ಕೂಗು ಕೂಗ್ಸಿ. ಮನೆಯವರ ಅನ್ನದ ಜೊತೆಗೇ ಬೇಯುತ್ತೆ, ಬೇರೆ ಗ್ಯಾಸ್ ಖರ್ಚಿಲ್ಲ. ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ. ಇದರಲ್ಲಿ ಸುಮಾರು 180 ಕ್ಯಾಲೊರಿ ಇದೆ. ಎರಡು ಊಟಕ್ಕೆ ಆಗುತ್ತೆ. ಬೇಳೆಯ ಕಬ್ಬಿಣಾಂಶ ಮೈಗೆ ಹತ್ತೋದಕ್ಕೆ ವಿಟಮಿನ್ ಸಿ ಬೇಕು. ಒಂದೆರಡು ಹನಿ ನಿಂಬೆರಸ ಹಿಂಡಿ, ಅಥವಾ ಬೇಯಿಸೋವಾಗ್ಲೇ ಅರ್ಧ ಟೊಮೆಟೊ ಹಾಕಿ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪ ವರ್ಷ ತುಂಬೋವರೆಗೂ ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸುಗಳ ಜೀವಕ್ಕೇ ಅಪಾಯ ತರಬಲ್ಲದು.

ಮೊಟ್ಟೆ, ಮಾಂಸ ತಿನ್ನೋ ಮನೆ ಆದ್ರೆ ಚೆನ್ನಾಗಿ ಬೆಂದ ಮೊಟ್ಟೆ, ಮೆತ್ತಗೆ ಬೇಯಿಸಿ ರುಬ್ಬಿದ ಕೋಳಿ, ಲಿವರ್, ಮುಳ್ಳು ತೆಗೆದ ಮೀನು ಆರು ತಿಂಗಳ ನಂತರ ಕೊಡಬಹುದು. ಮಾಂಸದ ಕಬ್ಬಿಣಾಂಶ ಬೇಳೆಯದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತೆ.

ಈಗ ಮಿಕ್ಸಿಗೆ ಬರೋಣ. ನಮ್ಮ ಮಿಕ್ಸಿಗಳು ಒಣಮೆಣಸಿನಕಾಯಿ, ಇಡ್ಲಿ ಹಿಟ್ಟು ರುಬ್ಬೋದಕ್ಕೆ ಅಂತ್ಲೇ ಮಾಡಿದ ಗಟ್ಟಿ ಯಂತ್ರ. ಬೆಂದ ಕುಂಬಳ ಅದಕ್ಕೆ ಯಾವ ಲೆಕ್ಕ? ಅರೆ ನಿಮಿಷಕ್ಕೆ ರೇಷ್ಮೆ ಥರ ಮಾಡ್ಬಿಡುತ್ತೆ. ಇಲ್ಲಿ ಮೂರು ಎಚ್ಚರಿಕೆ.

ಮೊದಲನೆಯದು, ದೊಡ್ಡ ಜಾರು ಬೇಡ. ಮಗುವಿನ ಊಟ ಒಂದು ಬಟ್ಟಲಷ್ಟು. ದೊಡ್ಡ ಜಾರಲ್ಲಿ ಹಾಕಿದ್ರೆ ಬ್ಲೇಡಿಗೆ ಸಿಗಲ್ಲ, ಗೋಡೆಗೆ ಅಂಟ್ಕೊಳ್ಳುತ್ತೆ. ಆಗ ಕೈ ತಾನಾಗೇ ನೀರಿನ ಚೊಂಬಿಗೆ ಹೋಗುತ್ತೆ. ಪ್ಯೂರಿ ನೀರಾಗೋದು ಹೀಗೇನೆ. ಚಟ್ನಿ ಜಾರು ತಗೊಳ್ಳಿ. ತೆಳ್ಳಗೆ ಮಾಡಲೇಬೇಕು ಅಂದ್ರೆ ಬೇಯಿಸಿದ ನೀರನ್ನೇ, ಇಲ್ಲಾ ಎದೆಹಾಲನ್ನೇ ಒಂದೆರಡು ಚಮಚ ಹಾಕಿ.

ಎರಡನೆಯದು, ಬಿಸಿಬಿಸಿ ಇರೋದನ್ನ ಮುಚ್ಚಳ ಹಾಕಿ ತಿರುಗಿಸಬೇಡಿ. ಹಬೆ ಒತ್ತಿ ಮುಚ್ಚಳ ಹಾರುತ್ತೆ, ಕೈ ಮುಖ ಸುಡುತ್ತೆ. ಆರಿಸಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ.

ಮೂರನೆಯದು, ಜಾರಿನ ಸ್ವಚ್ಛತೆ. ಬೆಳಿಗ್ಗೆ ಚಟ್ನಿ ರುಬ್ಬಿದ ಜಾರಲ್ಲೇ ಮಗುವಿನ ಊಟ ರುಬ್ಬಿದ್ರೆ ಬ್ಲೇಡಿನ ಕೆಳಗೆ ಮೆಣಸಿನಕಾಯಿ ಖಾರ ಇರುತ್ತೆ. ಮುಚ್ಚಳದ ರಬ್ಬರ್ ಉಂಗುರದ ಸಂದಿಯಲ್ಲಿ ನಿನ್ನೆಯ ಹಿಟ್ಟು ಕೂತಿರುತ್ತೆ. ಸೋಪು ಹಾಕಿದ ಬಿಸಿನೀರು ತುಂಬಿ ಹತ್ತು ಸೆಕೆಂಡ್ ತಿರುಗಿಸಿ, ಉಂಗುರ ಬಿಚ್ಚಿ ಬೇರೆಯಾಗಿ ತೊಳೀರಿ, ಬಿಸಿಲಿಗೆ ಒಣಗಿಸಿ. ಆದ್ರೆ ಮಗುವಿಗೇ ಅಂತ ಒಂದು ಸಣ್ಣ ಜಾರು ಎತ್ತಿಡಿ. ಆರು ತಿಂಗಳ ನಂತರ ಮಕ್ಕಳಿಗೆ ಭೇದಿ ಹೆಚ್ಚಾಗೋದಕ್ಕೆ ಸ್ವಚ್ಛವಿಲ್ಲದ ಮೇಲೂಟ ಒಂದು ದೊಡ್ಡ ಕಾರಣ.

ಗಟ್ಟಿ ಸರಿಯಾಗಿದೆಯಾ ಅಂತ ನೋಡೋದು ಸುಲಭ. ಚಮಚದಲ್ಲಿ ತಗೊಂಡು ಓರೆ ಮಾಡಿ. ಜಾರಿ ಸುರಿದ್ರೆ ತೆಳ್ಳಗಾಯ್ತು. ಚಮಚದಲ್ಲೇ ನಿಂತು, ನಿಧಾನಕ್ಕೆ ಬಿದ್ರೆ ಸರಿ. ನಮ್ಮ ಕಡೆ ಅಜ್ಜಿಯರು "ಮೊಗೀಗೆ ಒಸಿ ಗಟ್ಟಿಯಾಗಿ ಉಣ್ಸವ್ವ" ಅಂತಾರಲ್ಲ, ಅದು ಇದೇ ಲೆಕ್ಕ.

ಅಜ್ಜಿಯರ ಮಾತು ಬಂತು, ರಾಗಿ ಸರಿ ಮರೀಬಾರದು. ರಾಗಿಯನ್ನ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿಯೋ ಪದ್ಧತಿ ಇದೆಯಲ್ಲ, ಅದರ ಹಿಂದೆ ದೊಡ್ಡ ವಿಜ್ಞಾನ ಇದೆ. ಮೊಳಕೆ ಬರೋವಾಗ ಧಾನ್ಯದಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಅದು ಪಿಷ್ಟವನ್ನ ಒಡೆಯುತ್ತೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದ್ರೂ ಗಂಜಿ ಮುದ್ದೆ ಕಟ್ಟಲ್ಲ. ಅದೇ ಬಟ್ಟಲಲ್ಲಿ ಹೆಚ್ಚು ಶಕ್ತಿ. ಕಬ್ಬಿಣಾಂಶವನ್ನ ಹಿಡಿದಿಟ್ಟುಕೊಳ್ಳೋ ಫೈಟೇಟ್ ಕೂಡ ಮೊಳಕೆಯಲ್ಲಿ ತಗ್ಗುತ್ತೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ಮಾಡಿದೆ. ಕುಂಬಳದ ಪ್ಯೂರಿಗೆ ಎರಡು ಚಮಚ ಸರಿ ಹಿಟ್ಟು ಸೇರಿಸಿ ಕುದಿಸಿ ನೋಡಿ, ಎರಡೂ ಒಂದಕ್ಕೊಂದು ಹೊಂದುತ್ತೆ.

ಕೆಲಸಕ್ಕೆ ಹೋಗೋ ತಾಯಂದಿರದ್ದು ಇನ್ನೊಂದು ಪ್ರಶ್ನೆ: ಬೆಳಿಗ್ಗೆ ಮಾಡಿ ಫ್ರಿಜ್ಜಲ್ಲಿ ಇಡಬಹುದಾ? ಕರೆಂಟು ಸರಿಯಾಗಿದ್ರೆ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಡಬಹುದು. ಕೊಡೋ ಮುಂಚೆ ಹಬೆಯಾಡುವಷ್ಟು ಬಿಸಿ ಮಾಡಿ ಆರಿಸಬೇಕು. ಆದ್ರೆ ಗಂಟೆಗಟ್ಟಲೆ ಕರೆಂಟು ಹೋಗೋ ಊರಲ್ಲಿ ಫ್ರಿಜ್ ಬರೀ ಕಪಾಟು. ಹೊರಗೆ ಎರಡು ಗಂಟೆ ದಾಟಿದ್ದು, ಬೇಸಗೆಯಲ್ಲಿ ಒಂದು ಗಂಟೆ ದಾಟಿದ್ದು ಮಗುವಿಗೆ ಬೇಡ. ಎಂಜಲು ಚಮಚ ತಾಗಿದ್ದನ್ನೂ ಎತ್ತಿಡಬೇಡಿ. ಪಾಲಕ್, ಬೀಟ್‌ರೂಟ್ ಪ್ಯೂರಿಯನ್ನಂತೂ ಆಗಾಗಲೇ ಮಾಡಿ ಮುಗಿಸಿ. ಅವುಗಳಲ್ಲಿರೋ ನೈಟ್ರೇಟ್, ರುಬ್ಬಿ ಇಟ್ಟಾಗ ನೈಟ್ರೈಟ್ ಆಗುತ್ತೆ. ಅದು ರಕ್ತ ಆಮ್ಲಜನಕ ಹೊರೋದಕ್ಕೆ ಅಡ್ಡಿ ಮಾಡುತ್ತೆ. ಇದಕ್ಕಿಂತ ಒಳ್ಳೇ ದಾರಿ ಅಂದ್ರೆ ಸರಿ ಹಿಟ್ಟನ್ನ ಒಣದಾಗಿ ಡಬ್ಬಿಯಲ್ಲಿ ಇಟ್ಟು, ಕುಂಬಳದ ತುಂಡು ಕತ್ತರಿಸಿಟ್ಟು ಹೋಗೋದು. ಮನೆಯಲ್ಲಿರೋ ಅಜ್ಜಿ ಹತ್ತು ಹದಿನೈದು ನಿಮಿಷದಲ್ಲಿ ಬಿಸಿಯಾಗಿ ಮಾಡ್ತಾರೆ.

ಇನ್ನೊಂದು ಮುಖ್ಯ ಮಾತು. ಮಿಕ್ಸಿಗೆ ರಜೆ ಕೊಡೋ ದಿನಾನೂ ಬರಬೇಕು. ಆರನೇ ತಿಂಗಳಲ್ಲಿ ನುಣ್ಣಗೆ, ಏಳು ಎಂಟಕ್ಕೆ ಕೈಯಲ್ಲಿ ಮಸೆದದ್ದು, ಸಣ್ಣ ಗಂಟು ಇರ್ಲಿ. ಒಂಬತ್ತಕ್ಕೆ ಮೆತ್ತಗೆ ಬೆಂದ ಸಣ್ಣ ತುಂಡು, ಮಗು ತಾನೇ ಹಿಡಿದು ತಿನ್ಲಿ. ವರ್ಷಕ್ಕೆ ಮನೆ ಊಟ, ಖಾರ ಕಮ್ಮಿ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿದಾಗ, ಹತ್ತು ತಿಂಗಳ ನಂತರ ಗಂಟು ಇರೋ ಊಟ ಶುರು ಮಾಡಿದ ಮಕ್ಕಳಲ್ಲಿ ಊಟದ ತಕರಾರು ಹೆಚ್ಚು ಕಂಡುಬಂತು. ಗಂಟು ಅಂದ್ರೆ ಗಟ್ಟಿ ತುಂಡಲ್ಲ, ನೆನಪಿಡಿ. ಹಸಿ ಕ್ಯಾರೆಟ್ ತುಂಡು, ಇಡೀ ಕಡಲೆಕಾಯಿ, ದ್ರಾಕ್ಷಿ ಗಂಟಲಿಗೆ ಸಿಕ್ಕೊಳ್ಳುತ್ತೆ. ಮಗುವನ್ನ ನೆಟ್ಟಗೆ ಕೂರಿಸಿ, ಕಣ್ಣೆದುರೇ ತಿನ್ನಿಸಿ.

ಅಂಗನವಾಡಿಯನ್ನೂ ಬಿಡಬೇಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಇದೇ ಸೀಮೆಯ ಟಿ. ನರಸೀಪುರವನ್ನ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಲ್ಲಿ ಮನೆಗೆ ಒಯ್ಯೋ ಪೌಷ್ಟಿಕ ಆಹಾರ ಸಿಗುತ್ತೆ, ತೂಕ ನೋಡ್ತಾರೆ. ಆಶಾ ಕಾರ್ಯಕರ್ತೆಯರ ಹತ್ರ ಕಬ್ಬಿಣಾಂಶದ ಸಿರಪ್ ಇರುತ್ತೆ. ವಾರಕ್ಕೆ ಎರಡು ಸಲ 1 ಮಿಲಿಲೀಟರ್, ಅವರು ತೋರಿಸಿದ ಹಾಗೆ ಕೊಡಿ. ತೂಕ ಎರಡು ತಿಂಗಳು ಏರದೇ ಇದ್ರೆ, ಅಂಗೈ ಬಿಳಿಚಿದ್ರೆ, ಮಗು ಮಂಕಾಗಿದ್ರೆ ಪ್ಯೂರಿ ಬದಲಾಯಿಸ್ತಾ ಕೂರಬೇಡಿ, ವೈದ್ಯರಿಗೆ ತೋರ್ಸಿ.

ಪ್ರಶ್ನೆ ಕೇಳಿದ ಬದನಗುಪ್ಪೆಯ ತಾಯಿಗೆ ನನ್ನ ಉತ್ತರ ಇಷ್ಟು: ಕ್ಯಾರೆಟ್ಟು, ಕುಂಬಳ ನಿಲ್ಲಿಸಬೇಡಿ. ನಾಳೆಯಿಂದ ಅದೇ ಪಾತ್ರೆಗೆ ಒಂದು ಚಮಚ ಬೇಳೆ, ಮೇಲೆ ಒಂದು ಚಮಚ ತುಪ್ಪ ಸೇರ್ಸಿ, ನೀರು ತಗ್ಗಿಸಿ. ಎದೆಹಾಲು ಎರಡು ವರ್ಷದವರೆಗೂ ಮುಂದುವರೀಲಿ. ನಿಮ್ಮ ಮನೆಯ ಪ್ರಶ್ನೆಗಳನ್ನೂ ಧ್ವನಿ ಸಂದೇಶದಲ್ಲಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.